ನಿರ್ವಹಣಾ ಖರ್ಚು, ಮರುಮಾರಾಟದ ಬೆಲೆ ಎರಡನ್ನೂ ನೋಡಿದರೆ ಯಾವ ಸೂಪರ್‌ಕಾರ್ ಕೊಳ್ಳುವುದು ಒಳ್ಳೆಯದು?

ನನ್ನ ಆಯ್ಕೆ ಪೋರ್ಷೆ 911 ಜಿಟಿ3. ಬೇಡಿಕೆಗಿಂತ ಕಡಿಮೆ ಕಾರುಗಳು ತಯಾರಾಗುವುದರಿಂದ ಅದರ ಬೆಲೆ ಸುಲಭಕ್ಕೆ ಇಳಿಯುವುದಿಲ್ಲ. ಮೆಕ್‌ಲಾರೆನ್ ಓಡಿಸಲು ಅದ್ಭುತ, ನಿಜ. ಆದರೆ ಅದರ ಸಾಮಾನ್ಯ ಮಾದರಿಗಳ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಭಾರೀ ಕುಸಿಯುತ್ತದೆ. ಬೇಕೇ ಬೇಕೆಂದರೆ ವಾರಂಟಿ ಇರುವ ಸೆಕೆಂಡ್ ಹ್ಯಾಂಡ್ ಕಾರನ್ನೇ ತಗೊಳ್ಳಿ.

ಹಳೆಯ ಫೆರಾರಿ ಅಗ್ಗಕ್ಕೆ ಸಿಕ್ಕಿತೆಂದು ಮರುಳಾಗಬೇಡಿ. ಎಫ್355 ಮಾದರಿಯಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದಂತೆ ತಿರುಗಿಸುವ ಪಟ್ಟಿ) ಬದಲಿಸಲು ಇಡೀ ಎಂಜಿನ್ ಕೆಳಗಿಳಿಸಬೇಕು. 2004ರಲ್ಲಿ ಬಂದ ಎಫ್430ರಲ್ಲಿ ಬೆಲ್ಟ್ ಬದಲು ಚೈನ್ ಇದೆ, ಆ ಖರ್ಚೇ ಇಲ್ಲ.

ಯಾವುದೇ ಕಾರಾಗಲಿ, ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್‌ಗಳ ಅಂಚು ಚಕ್ಕೆ ಎದ್ದಿದೆಯಾ ಎಂದು ಟಾರ್ಚ್ ಹಾಕಿ ನೋಡಿ. ನಾಲ್ಕನ್ನೂ ಬದಲಿಸುವ ದುಡ್ಡಿಗೆ ಒಂದು ಸಾಮಾನ್ಯ ಕಾರೇ ಬರುತ್ತದೆ. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಕಾರನ್ನಂತೂ ನೋಡಲೂ ಹೋಗಬೇಡಿ.