ಕಟಾನೋ, ಟಿಕೆಟ್ ಟು ರೈಡೋ?

ಪ್ರಶ್ನೆ: ಮನೆಯಲ್ಲಿ ನಾಲ್ವರಿದ್ದೇವೆ, ಮಕ್ಕಳಿಗೆ 9 ಮತ್ತು 13 ವರ್ಷ. ಕಟಾನ್ ಎಂಬ ಬೋರ್ಡ್ ಆಟ ಆಡಿದಾಗಲೆಲ್ಲ ಚಿಕ್ಕವಳು ಮಧ್ಯದಲ್ಲೇ ಮುನಿಸಿಕೊಂಡು ಎದ್ದುಬಿಡುತ್ತಾಳೆ. ರೈಲುದಾರಿ ಕಟ್ಟುವ ಟಿಕೆಟ್ ಟು ರೈಡ್ ಆಟ ತಂದರೆ ಸರಿಹೋದೀತೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಖಂಡಿತ ತನ್ನಿ. ಆದರೆ ಆ ಮುನಿಸಿಗೆ ಕಾರಣವಿದೆ. ಕಟಾನ್‌ನಲ್ಲಿ ದಾಳದ ಮೊತ್ತ ಯಾವ ಅಂಕಿಯೋ, ಆ ಅಂಕಿಯ ಜಾಗದ ಪಕ್ಕ ಮನೆ ಇಟ್ಟವರಿಗಷ್ಟೇ ಕಾರ್ಡು ಸಿಗುತ್ತದೆ. ಎರಡು ದಾಳದ 36 ಸಾಧ್ಯತೆಗಳಲ್ಲಿ 6 ಮತ್ತು 8ಕ್ಕೆ ತಲಾ ಐದು ಅವಕಾಶ. 2 ಮತ್ತು 12ಕ್ಕೆ ತಲಾ ಒಂದೇ. ಮೊದಲ ಎರಡು ಮನೆಗಳನ್ನು ಇಂಥ ಬಡ ಅಂಕಿಗಳ ಬಳಿ ಇಟ್ಟರೆ, ಚೌಕಾಬಾರದಲ್ಲಿ ಗರ ಬೀಳದೆ ಕೂತವರ ಪಾಡೇ ಆಗುತ್ತದೆ. ಅದರ ಮೇಲೆ 7 ಬಿದ್ದರೆ ಎಂಟು ಅಥವಾ ಹೆಚ್ಚು ಕಾರ್ಡು ಹಿಡಿದವರು ಅರ್ಧ ಕಳೆದುಕೊಳ್ಳುತ್ತಾರೆ, ಕಾರ್ಡು ಕದಿಯುವ ಕಳ್ಳನ ಕಾಟ ಬೇರೆ. ಅಂಕಿಯ ಕೆಳಗೆ ಅದರ ಅವಕಾಶಗಳನ್ನು ತೋರುವ ಚುಕ್ಕೆಗಳನ್ನು ಕೂಡಿಸಲು ಮಗುವಿಗೆ ಕಲಿಸಿ. ಮನೆ ಇಡುವ ಜಾಗದ ಸುತ್ತಲಿನ ಮೂರೂ ಸೇರಿ ಹತ್ತಾದರೂ ಇರಲಿ.

ಟಿಕೆಟ್ ಟು ರೈಡ್‌ನ ಹದವೇ ಬೇರೆ. ಕೈಯಲ್ಲಿರುವ ಕಾರ್ಡನ್ನು ಯಾರೂ ಕಸಿಯಲಾರರು. ಪ್ರತಿ ಸರದಿಗೆ ಒಂದೇ ಕೆಲಸ: ಕಾರ್ಡು ಎತ್ತು, ಕಾರ್ಡು ಕೊಟ್ಟು ದಾರಿ ಹಿಡಿ, ಇಲ್ಲವೇ ಹೊಸ ಟಿಕೆಟ್ (ಎರಡು ಊರುಗಳನ್ನು ಜೋಡಿಸುವ ಗುರಿ) ತೆಗೆ. ಕಟಾನ್‌ನಂತೆ ಚೌಕಾಸಿಯ ಗದ್ದಲವಿಲ್ಲ, ದೊಡ್ಡವನಿಗೆ ಅದು ಸಪ್ಪೆ ಎನಿಸಬಹುದು. ನೋವಾಗುವುದು ದಾರಿ ತಪ್ಪಿದಾಗ: ಮುಗಿಯದ ಟಿಕೆಟ್‌ನ ಅಂಕಗಳು ಕಳೆಯುತ್ತವೆ. ಹಾಗಾಗಿ ಕಾರ್ಡು ಕೂಡಿಡುತ್ತ ಕೂರದೆ ಇಕ್ಕಟ್ಟಿನ ಒಂದು-ಎರಡು ಬೋಗಿಯ ದಾರಿಗಳನ್ನು ಮೊದಲೇ ಹಿಡಿಯಬೇಕು. ನಿಮ್ಮ ಮನೆಗೆ ಯುರೋಪ್ ಆವೃತ್ತಿಯೇ ಒಳ್ಳೆಯದು. ಅದರಲ್ಲಿ ತಲಾ ಮೂರು ನಿಲ್ದಾಣಗಳಿವೆ. ದಾರಿ ಮುಚ್ಚಿದರೆ ನಿಲ್ದಾಣವಿಟ್ಟು ಎದುರಾಳಿಯ ಒಂದು ದಾರಿಯನ್ನು ಬಳಸಿಕೊಳ್ಳಬಹುದು.