ಹೂ ಬಿಟ್ಟರೂ ಕಾಯಿ ಕಚ್ಚದ ರಂಬುಟಾನ್, ಮೊಳೆಯದ ಅಂಟುವಾಳ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ಸಸ್ಯ ಕುಟುಂಬದ ಸುತ್ತ ಇವೆ. ಅಂಟುವಾಳ, ಲಿಚಿ, ರಂಬುಟಾನ್, ಸಾಗಡೆ, ಬೇಲಿ ಸಾಲಿನ ಬಂದರಿಕೆ ಎಲ್ಲವೂ ಸಪಿಂಡೇಸಿ ಬಳಗದವು. ‘ಭಾರತದ ಸಾಬೂನು’ ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ ಹೆಸರು ಇದು.

ಕಾಫಿ ತೋಟದಲ್ಲಿ ಬೀಜ ಹಾಕಿ ಬೆಳೆಸಿದ ಮೂರು ರಂಬುಟಾನ್ ಮರಗಳಿವೆ. ಎಂಟು ವರ್ಷವಾಯಿತು. ಎರಡು ವರ್ಷದಿಂದ ಹೂ ಬಿಡುತ್ತಿವೆ, ಒಂದೂ ಕಾಯಿ ಕಚ್ಚಿಲ್ಲ. ಗೊಬ್ಬರ ಸಾಲದೇ?
– ಓದುಗರು, ಸೋಮವಾರಪೇಟೆ

ಗೊಬ್ಬರದ ಮಾತು ಆಮೇಲೆ. ಮೊದಲು ಹೂ ನೋಡಿ. ಬೀಜದಿಂದ ಎದ್ದ ರಂಬುಟಾನ್‌ಗಳಲ್ಲಿ ಸುಮಾರು ಅರ್ಧದಷ್ಟು ಗಂಡು ಮರಗಳೇ ಆಗುತ್ತವೆ. ಮೂರಕ್ಕೆ ಮೂರೂ ಗಂಡಾಗಿರುವುದು ಅಪರೂಪವೇನಲ್ಲ. ಬೆಳಗ್ಗೆ ಅರಳಿದ ಹೂಗೊಂಚಲೊಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿ. ಉದ್ದ ಕೇಸರಗಳು ಹೊರಚಾಚಿದ್ದು, ನಡುವೆ ಕಾಯಿಯ ಮೊಗ್ಗೇ ಇಲ್ಲದಿದ್ದರೆ ಅದು ಗಂಡು. ನಡುವೆ ಪುಟ್ಟ ಜೋಡಿ ಗುಬುಟು, ಅದರ ತುದಿಯಲ್ಲಿ ಎರಡಾಗಿ ಸೀಳಿ ಬಾಗಿದ ಶಲಾಕೆ, ಕೆಳಗೆ ಗಿಡ್ಡ ಕೇಸರಗಳು ಕಂಡರೆ ಅದು ಹೆಣ್ಣಿನ ಕೆಲಸ ಮಾಡುವ ಹೂ. ಈ ಗಿಡ್ಡ ಕೇಸರಗಳ ಪರಾಗಕೋಶ ಸಾಮಾನ್ಯವಾಗಿ ಒಡೆಯುವುದಿಲ್ಲ. ಹಾಗಾಗಿ ಮೂರೂ ಹೆಣ್ಣಾಗಿದ್ದರೂ ಫಲ ಇದೇ: ಪರಾಗ ಕೊಡುವವರಿಲ್ಲ.

ಗಂಡು ಮರವನ್ನು ಬುಡಸಮೇತ ತೆಗೆಯಬೇಡಿ, ಕಸಿ ಮಾಡಿ ಹೆಣ್ಣಾಗಿ ಬದಲಿಸಿ. ಕಾಂಡವನ್ನು ನೆಲದಿಂದ ಎರಡು ಎರಡೂವರೆ ಅಡಿ ಎತ್ತರದಲ್ಲಿ ಓರೆಯಾಗಿ ಕೊಯ್ದು ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ–ಸುಣ್ಣದ ಲೇಪ) ಹಚ್ಚಿ. ಬರುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿನ ಮೂರನ್ನು ಉಳಿಸಿ, ಪೆನ್ಸಿಲ್ ದಪ್ಪವಾದಾಗ ಕಣ್ಣು ಕಸಿ ಮಾಡಿ. ಕಣ್ಣು ತೆಗೆಯುವ ಕಡ್ಡಿ ಚೆನ್ನಾಗಿ ಹಣ್ಣು ಬಿಡುವ ಮರದ್ದೇ ಆಗಿರಲಿ. ಕಡಿಯುವ ಎಂಟು ಹತ್ತು ದಿನ ಮೊದಲು ಅದರ ಎಲೆಗಳನ್ನು ತೊಟ್ಟು ಮಾತ್ರ ಬಿಟ್ಟು ಕತ್ತರಿಸಿದರೆ ಕಣ್ಣು ಉಬ್ಬುತ್ತದೆ. ಉಳಿಸಿದ ಚಿಗುರಿನಿಂದ ಒಂದಿಂಚು ಉದ್ದದ ತೊಗಟೆ ತೆಗೆದು, ಅದೇ ಅಳತೆಯ ಕಣ್ಣಿನ ತೇಪೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ರಬ್ಬರ್ ಕಸಿ ಮಾಡಿ ಬಲ್ಲವರಿಗೆ ಇದು ಹೊಸದಲ್ಲ. ಮೂರು ವಾರಕ್ಕೆ ಬಿಚ್ಚಿ, ಕಣ್ಣು ಹಸಿರಾಗಿದ್ದರೆ ಮೇಲಿನ ಚಿಗುರನ್ನು ಕತ್ತರಿಸಿ. ತೊಗಟೆ ಸಲೀಸಾಗಿ ಬಿಡಿಸಿಕೊಂಡು ಬರುವ ಕಾಲ ಬೇಕು, ಆದರೆ ಕೊಡಗಿನ ಜೂನ್–ಆಗಸ್ಟ್ ಮಳೆಯಲ್ಲಿ ಪಟ್ಟಿಯೊಳಗೆ ನೀರು ಇಳಿದು ಕಣ್ಣು ಕೊಳೆಯುತ್ತದೆ. ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲಿನ ದಿನಗಳು ಅಥವಾ ಮಳೆಗಾಲ ಕಳೆದ ಮೇಲೆ ಅನುಕೂಲ. ಮೂರು ಮರದಲ್ಲಿ ಎಲ್ಲವನ್ನೂ ಬದಲಿಸದೆ ಒಂದರಲ್ಲಿ ಒಂದು ಗಂಡು ಕೊಂಬೆ ಉಳಿಸಿ.

ಹೊಸ ಗಿಡವೇ ನೆಡುವುದಾದರೆ ಬೀಜದ ಗಿಡ ಬೇಡವೇ ಬೇಡ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ ತಳಿಗಳಲ್ಲಿ ಅರ್ಕಾ ಕೂರ್ಗ್ ಅರುಣ್ ಕೆಂಪು ಸಿಪ್ಪೆಯದು, ಅರ್ಕಾ ಕೂರ್ಗ್ ಪೀತಾಭ್ ಹಳದಿಯದು.

ಇನ್ನೆರಡು ಅಡ್ಡಿಗಳು ಕಾಫಿ ತೋಟಕ್ಕೇ ವಿಶೇಷ. ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ, ಅದಕ್ಕೆ ನೇರ ಬಿಸಿಲು ಬೇಕು. ಸಿಲ್ವರ್ ಓಕ್, ಹಾಲುವಾಣದ ದಟ್ಟ ನೆರಳಿನಲ್ಲಿ ಮರ ಎಲೆಯನ್ನಷ್ಟೇ ಬೆಳೆಸುತ್ತದೆ. ಎರಡನೆಯದು ಸ್ಪ್ರಿಂಕ್ಲರ್. ಹೂವಿಗೆ ತಿರುಗಲು ರಂಬುಟಾನ್‌ಗೆ ಕೆಲ ವಾರ ಒಣ ಹವೆ ಬೇಕು. ಕಾಫಿ ಹೂವಿಗೆಂದು ನೀರು ಹಾರಿಸಿದಾಗ ಅದು ಹೂ ಬಿಡುವ ಬದಲು ಚಿಗುರಬಹುದು, ಅರಳಿದ ಹೂವಿನ ಪರಾಗವೂ ತೊಳೆದುಹೋಗುತ್ತದೆ. ರಂಬುಟಾನ್ ಮರಗಳ ಸುತ್ತ ಸ್ಪ್ರಿಂಕ್ಲರ್ ಜೆಟ್ ಇಡಬೇಡಿ. ಹೂವಿದ್ದಾಗ ಕೀಟನಾಶಕವನ್ನೂ ಹೊಡೆಯಬೇಡಿ, ತುಡುವೆ ಜೇನು ಬಾರದಿದ್ದರೆ ಕಾಯಿಯಿಲ್ಲ.

ಅಂಟುವಾಳದ ಬೀಜ ಹಾಕಿ ನಾಲ್ಕು ತಿಂಗಳಾಯಿತು, ಮೊಳೆತಿಲ್ಲ.
– ಓದುಗರು, ಕುಶಾಲನಗರ

ಬೀಜ ಸತ್ತಿಲ್ಲ, ಕಲ್ಲಿನಂಥ ಸಿಪ್ಪೆಯೊಳಗೆ ನೀರು ಹೋಗಿಲ್ಲ. ತೊಟ್ಟಿನ ಗುರುತಿನ ಎದುರು ಬದಿಯನ್ನು ಅರದಿಂದ ಅಥವಾ ಒರಟು ಕಲ್ಲಿನಿಂದ ಉಜ್ಜಿ, ಬಿಳಿ ತಿರುಳು ಇಣುಕುತ್ತಿದ್ದಂತೆ ನಿಲ್ಲಿಸಿ. 24 ಗಂಟೆ ನೀರಿನಲ್ಲಿ ನೆನೆಸಿ, ಉಬ್ಬದಿದ್ದರೆ ಇನ್ನೊಂದಿಷ್ಟು ಉಜ್ಜಿ. ತಾಯಿಬೇರು ಬೇಗ ಇಳಿಯುವುದರಿಂದ ಎತ್ತರದ ಚೀಲದಲ್ಲೇ ಒಂದಿಂಚಿಗಿಂತ ಕಡಿಮೆ ಆಳಕ್ಕೆ ಊರಿ.

ಅದೇ ಬಳಗದ ಲಿಚಿ, ರಂಬುಟಾನ್ ಬೀಜದ ಗುಣ ಇದಕ್ಕೆ ತದ್ವಿರುದ್ಧ. ಒಣಗಿಸಿದರೆ ಸತ್ತೇ ಹೋಗುತ್ತವೆ, ಹಣ್ಣು ತಿಂದ ದಿನವೇ ತೊಳೆದು ಬಿತ್ತಬೇಕು.

ಅಂಟುವಾಳ ಕುದಿಸಿ ಬಾಟಲಿಗೆ ತುಂಬಿಟ್ಟರೆ ಮೂರೇ ದಿನಕ್ಕೆ ಹುಳಿ ವಾಸನೆ. ಉಪ್ಪು ಹಾಕಬಹುದೇ?
– ಓದುಗರು, ನಾಪೋಕ್ಲು

ಬೇಡ. ಸಿಪ್ಪೆಯಲ್ಲಿ ನೊರೆ ಕೊಡುವ ಸಪೋನಿನ್ ಜೊತೆಗೆ ಸಕ್ಕರೆಯೂ ಇದೆ, ಹುಳಿಯುವುದು ಅದು. ಬೀಜ ತೆಗೆದ ಸಿಪ್ಪೆ 50 ಗ್ರಾಂ, ನೀರು ಒಂದು ಲೀಟರ್. ರಾತ್ರಿ ನೆನೆಸಿ, ಬೆಳಗ್ಗೆ ಸಣ್ಣ ಉರಿಯಲ್ಲಿ 15–20 ನಿಮಿಷ ಕುದಿಸಿ, ಆರಿದ ಮೇಲೆ ಹಿಸುಕಿ ಬಟ್ಟೆಯಲ್ಲಿ ಸೋಸಿ. ಫ್ರಿಜ್‌ನಲ್ಲಿ ಒಂದು ವಾರ ಇಡಿ, ಹೆಚ್ಚಾದದ್ದನ್ನು ಐಸ್ ತಟ್ಟೆಗೆ ಹುಯ್ದು ಗಟ್ಟಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಒಣ ಸಿಪ್ಪೆಯೂ ತೇವ ಹೀರಿ ಅಂಟಂಟಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗರಿಗರಿಯಾದಾಗಲೇ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ.

ರೇಷ್ಮೆ ಸೀರೆಗೆ ಅರ್ಧ ಬಕೆಟ್ ತಣ್ಣೀರಿಗೆ 100 ಮಿಲಿ ಸಾಕು. ಕ್ಷಾರವಲ್ಲದ್ದರಿಂದ ರೇಷ್ಮೆ, ಉಣ್ಣೆಯ ಎಳೆಗೆ ಪೆಟ್ಟಿಲ್ಲ. ಗಡಸು ನೀರಿನಲ್ಲೂ ಸಾಬೂನಿನಂತೆ ಒಡೆದು ಗಸಿ ಕಟ್ಟುವುದಿಲ್ಲ. ಬಿಳಿ ಬಟ್ಟೆಗೆ ಮಾತ್ರ ಕಂದು ಛಾಯೆ ಹತ್ತಬಹುದು, ಅಂಚಿನಲ್ಲಿ ಪರೀಕ್ಷಿಸಿ. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ತೊಳೆದ ನೀರನ್ನು ಮೀನಿನ ಕೆರೆಗೆ, ತೋಡಿಗೆ ಬಿಡಬೇಡಿ: ಸಪೋನಿನ್ ಮೀನಿನ ಕಿವಿರು ಕೆಡಿಸುತ್ತದೆ. ಹಿಂದೆ ಇದನ್ನೇ ಕದಡಿ ಮೀನು ಹಿಡಿಯುತ್ತಿದ್ದರು.

ನಮ್ಮಲ್ಲಿ ಲಿಚಿ ಡಿಸೆಂಬರ್‌ನಲ್ಲಿ ಹಣ್ಣಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಮಕ್ಕಳಿಗೆ ಅಪಾಯವೆಂಬುದು ನಿಜವೇ?
– ಓದುಗರು, ಮಡಿಕೇರಿ

ಅರ್ಧ ನಿಜ. ಬಿಹಾರದ ಮುಜಫ್ಫರ್‌ಪುರದಲ್ಲಿ 2014ರಲ್ಲಿ ಮಕ್ಕಳ ಮಿದುಳಿನ ಕಾಯಿಲೆಯ ಬಗ್ಗೆ ನಡೆದ ತನಿಖೆ ಲಿಚಿಯಲ್ಲಿರುವ ಹೈಪೊಗ್ಲೈಸಿನ್ ಎಂಬ ವಸ್ತುವಿನತ್ತ ಬೆರಳು ತೋರಿಸಿತು. ಕೊಬ್ಬು ಒಡೆದು ಶಕ್ತಿ ಪಡೆಯುವ, ಹೊಸದಾಗಿ ಸಕ್ಕರೆ ಮಾಡಿಕೊಳ್ಳುವ ದೇಹದ ದಾರಿಗಳನ್ನು ಅದು ತಡೆಯುತ್ತದೆ. ಲಿಚಿ ತಿಂದು ರಾತ್ರಿ ಉಣ್ಣದೆ ಮಲಗಿದ, ಮೊದಲೇ ಸೊರಗಿದ ಮಕ್ಕಳಲ್ಲಿ ಬೆಳಗಿನ ಜಾವಕ್ಕೆ ರಕ್ತದ ಸಕ್ಕರೆ ಕುಸಿಯುತ್ತದೆ. ಊಟ ಮಾಡಿದ ಮಗು ಪೂರ್ತಿ ಹಣ್ಣಾದ ಲಿಚಿಯನ್ನು ನಾಲ್ಕಾರು ತಿಂದರೆ ಹೆದರಬೇಕಿಲ್ಲ. ಕಾಯಿ ಲಿಚಿ, ಬೀಜ ಎರಡೂ ಬೇಡ. ಕಿತ್ತ ಮೇಲೆ ಲಿಚಿ ಹಣ್ಣಾಗುವುದಿಲ್ಲ ಎಂಬುದನ್ನೂ ನೆನಪಿಡಿ.

ಸೀಗೆಕಾಯಿಯೂ ಅಂಟುವಾಳದ ಜಾತಿಯೇ?
– ಓದುಗರು, ವಿರಾಜಪೇಟೆ

ಅಲ್ಲ. ನೊರೆ ಒಂದೇ, ಕುಲ ಬೇರೆ. ಸೀಗೆ ಮುಳ್ಳಿನ ಬಳ್ಳಿ, ಅವರೆ–ಹುಣಸೆಯ ಬಳಗ. ಅಂಗೈಯಲ್ಲಿ ಹಿಡಿದು ನೋಡಿದರೆ ಚಪ್ಪಟೆ ಕೋಡೇ ಹೇಳುತ್ತದೆ. ನಮ್ಮ ಅಂಟುವಾಳ ಮೂರು ಗುಂಡು ಕಾಯಿ ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಒಂಟಿ ಗುಂಡು ಕಾಯಿ ಕಂಡರೆ ಅದು ಬಹುಮಟ್ಟಿಗೆ ಹಿಮಾಲಯದ ತಪ್ಪಲಿನ ಜಾತಿ. ತೊಳೆಯುವ ಕೆಲಸಕ್ಕೆ ಎರಡೂ ಆಗುತ್ತವೆ.