ಅಜ್ಜಿಯ ಪೆಟ್ಟಿಗೆಯ ಒಳಜಾಗವನ್ನು ಎರಕ ಹೊಯ್ಯುವ ಬಗ್ಗೆ

ಬೀರುವಿನ ಒಳಜಾಗವನ್ನೇ ಎರಕ ತೆಗೆದ ಬ್ರಿಟಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ ಅವರ ‘ಕ್ಲಾಸೆಟ್’ (1988) ನೋಡಿ, ಅಜ್ಜಿಯ ಮರದ ಪೆಟ್ಟಿಗೆಯೊಳಗಿನ ಖಾಲಿ ಜಾಗವನ್ನೂ ಹಾಗೇ ಪ್ಲಾಸ್ಟರ್‌ನಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎರಕ ತೆಗೆಯಬಹುದೇ, ಪೆಟ್ಟಿಗೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ.

ನೇರವಾಗಿ ಸುರಿಯಬೇಡಿ, ಪೆಟ್ಟಿಗೆ ಉಳಿಯುವುದಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವಾಗ ತುಸು ಹಿಗ್ಗುತ್ತದೆ, ನೀರು ಕುಡಿದ ಮರ ಉಬ್ಬುತ್ತದೆ, ಮೊಳೆತಲೆ ಮತ್ತು ಚಿಲಕದ ಸಂದುಗಳಲ್ಲಿ ಎರಕ ಕಚ್ಚಿಕೊಳ್ಳುತ್ತದೆ. ಅದೇ ಅಳತೆಯ ಪ್ಲೈವುಡ್ ಪೆಟ್ಟಿಗೆಯನ್ನು ಸ್ಕ್ರೂ ಹಾಕಿ ಮಾಡಿಸಿ, ಅದರಲ್ಲಿ ಎರಕ ಹೊಯ್ದು ಆಮೇಲೆ ಬಿಚ್ಚಿದರಾಯಿತು.

ಆದರೆ ನೆನಪೆಲ್ಲ ಇರುವುದು ಅಜ್ಜಿಯ ಪೆಟ್ಟಿಗೆಯ ತಳದ ಗೀರುಗಳಲ್ಲಿ. ಅವನ್ನು ಬಿಡಬೇಡಿ. ತಳಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ (ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಹಳೇ ಮರಕ್ಕೆ ಕಲೆಯಾಗಬಹುದು), ಸುಮಾರು 5 ಮಿ.ಮೀ. ಸಿಲಿಕೋನ್ ರಬ್ಬರ್ ಹೊಯ್ದು ಅಚ್ಚು ತೆಗೆಯಿರಿ. ಅದರ ಮೇಲೆ ಪ್ಲಾಸ್ಟರ್ ಹಲಗೆ ಎರೆದು, ಒಣಗಿಸಿ, ಶೆಲ್ಲಾಕ್ (ಅರಗಿನ ವಾರ್ನಿಷ್) ಎರಡು ಕೋಟ್ ಹೊಡೆದು ಪ್ಲೈವುಡ್ ಪೆಟ್ಟಿಗೆಯ ತಳಕ್ಕೆ ಕೂರಿಸಿ. ಒಳಗೆಲ್ಲ ಮತ್ತೆ ವ್ಯಾಸಲೀನ್, ಸಂದುಗಳಿಗೆ ಜೇಡಿಮಣ್ಣು.

7 ಕೆ.ಜಿ. ನೀರಿಗೆ ಸುಮಾರು 10 ಕೆ.ಜಿ. ಪ್ಲಾಸ್ಟರ್. ಪುಡಿಯನ್ನೇ ನೀರಿಗೆ ಉದುರಿಸಿ, ಎರಡು ನಿಮಿಷ ನೆನೆಯಲು ಬಿಟ್ಟು ನಿಧಾನ ಕಲಸಿ. ಜೋರಾಗಿ ಕಲಸಿದರೆ ಗುಳ್ಳೆ. 60×40×30 ಸೆಂ.ಮೀ. ಪೆಟ್ಟಿಗೆ ತುಂಬಿದರೆ ನೂರು ಕೆ.ಜಿ. ದಾಟುತ್ತದೆ, ಹಾಗಾಗಿ 3 ಸೆಂ.ಮೀ. ದಪ್ಪ ಮೆತ್ತಿ, ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿನಾರು ಹಾಸಿ, ನಡುವೆ ಟೊಳ್ಳು ಬಿಡಿ. ಗ್ಲೌಸ್ ಬೇಕೇ ಬೇಕು. ಗಟ್ಟಿಯಾಗುವಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಬಾಲ್ಯದಲ್ಲಿ ಬೀರುವಿನೊಳಗೆ ಕೂತಿದ್ದ ಕತ್ತಲೆಗಾಗಿ ವೈಟ್‌ರೀಡ್ ತಮ್ಮ ಎರಕಕ್ಕೆ ಕಪ್ಪು ಫೆಲ್ಟ್ ಬಟ್ಟೆ ಹೊದಿಸಿದರು. ನಿಮ್ಮದಕ್ಕೆ ಏನೂ ಹೊದಿಸಬೇಡಿ, ಗೀರುಗಳು ಮುಚ್ಚಿಹೋಗುತ್ತವೆ.